‘ಹೋಗಿ ಬರ್ತೀನಿ’ ಅನ್ನುವ ಬಟನ್

ಪ್ಲೋವರ್ ಬ್ರೌಸರಿನ ಹೊಸ ಆವೃತ್ತಿ ಬಿಡುಗಡೆಯಾದ ಮರುದಿನ ಬೆಳಿಗ್ಗೆ ಕೆಂಗೇರಿಯಲ್ಲಿ ಮೆಟ್ರೋ ಹತ್ತಿದೆ. ಎದುರಿಗೆ ನಿಂತಿದ್ದ ಇಬ್ಬರು ಹುಡುಗರು ಒಂದೇ ಫೋನಿನ ಮೇಲೆ ಬಗ್ಗಿದ್ದರು.

"ಮಗಾ, ಪ್ಲೋವರ್ ಅಪ್‌ಡೇಟ್ ಮಾಡ್ದಾ?"

"ತಾನಾಗೇ ಆಗೋಗಿದೆ ಗುರು. ಅಡ್ರೆಸ್ ಬಾರ್ ತಗೊಂಡೋಗಿ ಕೆಳಗೆ ಕೂರ್ಸಿದಾರೆ. ಹುಡ್ಕಿ ಹುಡ್ಕಿ ಸಾಕಾಯ್ತು."

"ಅದಿರ್ಲಿ. ಭಾಷೆ ಕನ್ನಡಕ್ಕೆ ಹಾಕು. ಹಾಕ್ಬಿಟ್ಟು ಮೆನು ಕೊನೇಲಿ ನೋಡು."

ಇನ್ನೊಬ್ಬ ಹೆಬ್ಬೆರಳಿನಲ್ಲಿ ಕೆಳಕ್ಕೆ ಕೆಳಕ್ಕೆ ಜಾರಿಸಿದ. ಆಮೇಲೆ ಬೋಗಿಯಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ನಕ್ಕ. "‘ಹೋಗಿ ಬರ್ತೀನಿ’ ಅಂತೆ! ಯಾವನ್ ಗುರು ಇದನ್ನ ಬರ್ದಿದ್ದು?"

"ಯಾವನೋ ನಮ್ಮೋನೇ ಇರ್ಬೇಕು. ಸಕ್ಕತ್ತಾಗಿದೆ ಕಣೋ. ನಮ್ಮಜ್ಜಿ ಥರ ಮಾತಾಡುತ್ತೆ."

ಯಾವನೋ ಅಲ್ಲ, ಯಾವಳೋ. ಅದನ್ನು ಬರೆದವಳು ಅವರಿಂದ ಒಂದು ಮಾರು ದೂರದಲ್ಲಿ, ಕಂಬ ಹಿಡಿದುಕೊಂಡು, ದುಪಟ್ಟಾದ ತುದಿಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅಣ್ಣಾ, ನಾನೇ ಬರೆದದ್ದು ಅನ್ನಬೇಕೆಂದು ನಾಯಂಡಹಳ್ಳಿ ದಾಟುವವರೆಗೂ ಮನಸ್ಸಿನಲ್ಲೇ ಹೇಳಿಕೊಂಡೆ. ವಿಜಯನಗರದಲ್ಲಿ ಅವರು ಇಳಿದುಹೋದರು. ಆ ಮಾತನ್ನು ಬಾಯಲ್ಲಿಟ್ಟುಕೊಂಡೇ ನಾನು ಹೊಸಹಳ್ಳಿಯಲ್ಲಿ ಇಳಿದೆ.

ನಾನು ನೀಲಾಂಬಿಕಾ. ಜ್ಞಾನಭಾರತಿಯಲ್ಲಿ ಕನ್ನಡ ಎಂ.ಎ. ಮಾಡಿದವಳು. ತರಗತಿಯಲ್ಲಿ ಹಾಜರಿ ಕೂಗಿದಾಗ ‘ಎಸ್ ಸಾರ್’ ಅನ್ನುವುದಕ್ಕೂ ನನಗೆ ಬಾಯಿ ಬರುತ್ತಿರಲಿಲ್ಲ. ಎಷ್ಟೋ ದಿನ ಕ್ಲಾಸಿನಲ್ಲಿದ್ದೂ ಗೈರುಹಾಜರಾಗಿದ್ದೇನೆ. ಈಗ ಹೊಸಹಳ್ಳಿಯ ಬೇಕರಿಯೊಂದರ ಮೇಲಿನ ಮಹಡಿಯಲ್ಲಿರುವ ಸಣ್ಣ ಅನುವಾದ ಕಚೇರಿಯಲ್ಲಿ ಕೆಲಸ. ಪ್ಲೋವರ್ ಬ್ರೌಸರು ಮೊದಲ ಸಲ ಪೂರ್ತಿಯಾಗಿ ಕನ್ನಡದಲ್ಲಿ ಬರುವುದಿತ್ತು. ಅದರ ಮೆನು, ಬಟನ್ನು, ಎಚ್ಚರಿಕೆ, ಎಲ್ಲದರ ಮಾತುಗಳನ್ನೂ ನಮ್ಮ ಕಚೇರಿಯೇ ಬರೆಯಬೇಕಿತ್ತು. ಮಾತಾಡದೆ ಮಾತು ಬರೆಯುವ ಇಂಥ ಕೆಲಸ ನನಗಾಗಿಯೇ ಹುಟ್ಟಿದಂತಿತ್ತು.

ಹೆಚ್ಚಿನ ಸಾಲುಗಳಿಗೆ ನಿಘಂಟು ಇತ್ತು, ಹಳೆಯ ಪದಪಟ್ಟಿಗಳಿದ್ದವು. ಮೆನುವಿನ ಕೊನೆಯ ಸಾಲು ‘ಎಕ್ಸಿಟ್’. ಬ್ರೌಸರನ್ನೇ ಮುಚ್ಚಿ ಹೊರಬರುವ ಬಟನ್ ಅದು. ‘ನಿರ್ಗಮಿಸಿ’ ಅಂತ ಹಾಕಿಟ್ಟಿದ್ದೆ. ಒಂದು ಬೆಳಿಗ್ಗೆ ತಡವಾಗಿ, ಚಪ್ಪಲಿ ಹಾಕಿಕೊಳ್ಳುತ್ತ "ಅಮ್ಮಾ, ಹೋಗ್ತೀನಿ" ಅಂದುಬಿಟ್ಟೆ. ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಏನೇ ಅದು, ಬೆಳಬೆಳಿಗ್ಗೆ ಹೋಗ್ತೀನಿ ಅಂತ? ಹೋಗಿ ಬರ್ತೀನಿ ಅನ್ನು." ನಾನು ಹಾಗೇ ಅಂದೆ. ಅಂದ ಮೇಲೇ ಬಿಟ್ಟಳು. ಕಚೇರಿಗೆ ಹೋಗಿ ‘ನಿರ್ಗಮಿಸಿ’ ಅಳಿಸಿ ‘ಹೋಗಿ ಬರ್ತೀನಿ’ ಎಂದು ಹಾಕಿದೆ. ನಮ್ಮ ಮ್ಯಾನೇಜರ್ ಚನ್ನವೀರೇಶ್ ಸಾರ್ ಹುಬ್ಬೇರಿಸಿದರು, ಆದರೆ ಪ್ಲೋವರ್‌ಗೆ ಕಳಿಸಿದರು. ಇಷ್ಟು ದೊಡ್ಡ ಬ್ರೌಸರಿನಲ್ಲಿ ಯಾವ ನಿಘಂಟೂ ಹೇಳಿಕೊಡದ, ಪೂರ್ತಿ ನನ್ನದು ಅನ್ನಬಹುದಾದ ಸಾಲು ಅದೊಂದೇ.

ಆ ದಿನ ಮೆಟ್ರೋ ಇಳಿದು ಕಚೇರಿಯ ಮೆಟ್ಟಿಲು ಹತ್ತುವಾಗಲೇ ಮೇಲಿನಿಂದ ರಮ್ಯಶ್ರೀಯ ನಗು ಕೇಳಿಸಿತು. ಬಳಕೆದಾರರ ಅಭಿಪ್ರಾಯಗಳನ್ನು ಓದಿ ಉತ್ತರ ಕೊಡುವುದು ಅವಳ ಕೆಲಸ. ನನಗೆ ಇಲ್ಲದ ಬಾಯನ್ನೂ ಸೇರಿಸಿ ದೇವರು ಅವಳಿಗೇ ಕೊಟ್ಟಿದ್ದಾನೆ.

"ಬಾರೇ, ಬಾರೇ! ಜನ ಹುಚ್ಚೆದ್ದುಹೋಗಿದಾರೆ. ಕೇಳು: ‘ಹೊಸ ಐಕಾನ್ ಯಾಕ್ರೀ ಹಪ್ಪಳದ ಥರ ಮಾಡಿದೀರಾ, ನೋಡಿದ್ರೆ ಹಸಿವಾಗುತ್ತೆ.’ ಇನ್ನೊಂದು: ‘ಅಡ್ರೆಸ್ ಬಾರ್ ಮೇಲಕ್ಕೆ ಕಳ್ಸಿ, ಇಲ್ಲಾಂದ್ರೆ ನಾನೇ ಮೇಲಕ್ಕೆ ಹೋಗ್ತೀನಿ.’"

"ನಮ್ಮ ಬಟನ್ ಬಗ್ಗೆ?" ಅಂದೆ, ಆದಷ್ಟು ಮೆಲ್ಲಗೆ.

"ನಮ್ಮ ಬಟನ್ ಅಂತೆ! ನಿನ್ನ ಬಟನ್ ಅನ್ನೇ. ಇಲ್ನೋಡು." ಅವಳು ಮಾನಿಟರನ್ನು ನನ್ನ ಕಡೆ ತಿರುಗಿಸಿದಳು.

ಅಭಿಪ್ರಾಯಗಳು ಒಂದರ ಕೆಳಗೊಂದು ಬರುತ್ತಲೇ ಇದ್ದವು. ಯಾರೋ ಬರೆದಿದ್ದರು: ‘ಹೋಗಿ ಬರ್ತೀನಿ ಅಂತ ಬಂತು. ಅಭ್ಯಾಸ ಬಲ, ಹುಷಾರಾಗಿ ಹೋಗಿ ಬಾ ಅಂತ ಜೋರಾಗಿ ಅಂದ್ಬಿಟ್ಟೆ. ಆಫೀಸಲ್ಲಿ ಎಲ್ಲರೂ ನನ್ನೇ ನೋಡ್ತಾ ಇದಾರೆ.’ ರಾಜಾಜಿನಗರದ ಒಬ್ಬಳು: ‘ನಮ್ಮಪ್ಪ ಇವತ್ತು ಮೊದಲ ಸಲ ನನ್ನ ಕರೀದೆ ತಾವೇ ಕಂಪ್ಯೂಟರ್ ಮುಚ್ಚಿ ಎದ್ದರು. ಬರೆದವರಿಗೆ ನಮಸ್ಕಾರ.’ ಅದನ್ನು ಓದುವಾಗ ನನಗೆ ಕುಳಿತುಕೊಳ್ಳಲು ಆಗಲಿಲ್ಲ. ಬ್ಯಾಗನ್ನು ಹೆಗಲಿನಿಂದ ಇಳಿಸುವುದನ್ನೂ ಮರೆತು ರಮ್ಯಶ್ರೀಯ ಕುರ್ಚಿಯ ಹಿಂದೆ ನಿಂತೇ ಓದಿದೆ. ಕೆಳಗಿನ ಬೇಕರಿಯಿಂದ ಬೆಣ್ಣೆ ಬಿಸ್ಕತ್ತಿನ ವಾಸನೆ ಬರುತ್ತಿತ್ತು. ಯಾರಿಗಾದರೂ ತಿನ್ನಿಸಬೇಕು ಅನ್ನಿಸಿತು, ಇಡೀ ಹೊಸಹಳ್ಳಿಗೇ.

"ಅಯ್ಯೋ," ಅಂದಳು ರಮ್ಯಶ್ರೀ. "ಇದೊಂದು ಒಂದೇ ಸ್ಟಾರ್."

‘ಹೋಗಿ ಬರ್ತೀನಿ ಅಂತ ಒತ್ತಿ ಒಲೆ ಮೇಲಿನ ಸಾರು ನೋಡಿ ಬಂದೆ. ಬಂದು ನೋಡಿದರೆ ಒಬ್ಬ ಗಂಡೂ ಇಲ್ಲ. ಹನ್ನೊಂದು ಗಂಡು ಆರಿಸಿ ಇಟ್ಟಿದ್ದೆ. ಇದಕ್ಕೆ ಯಾರು ಹೊಣೆ? ಬಸವರಾಜೇಶ್ವರಿ, ವಿಜಯನಗರ.’ ಕೆಳಗೆ ಫೋನ್ ನಂಬರನ್ನೂ ಹಾಕಿದ್ದರು.

ರಮ್ಯಶ್ರೀ ಮೇಜು ತಟ್ಟಿ ನಕ್ಕಳು. "ಹನ್ನೊಂದು ಗಂಡು! ನನಗೆ ಒಂದೂ ಸಿಕ್ತಿಲ್ಲ!"

ಮಗಳಿಗೆ ಗಂಡು ಹುಡುಕುವ ತಾಯಿ, ಮ್ಯಾಟ್ರಿಮನಿ ಸೈಟಿನಲ್ಲಿ ಹಿಡಿಸಿದವರನ್ನೆಲ್ಲ ಬೇರೆ ಬೇರೆ ಟ್ಯಾಬಿನಲ್ಲಿ ತೆರೆದಿಟ್ಟುಕೊಂಡಿದ್ದಾರೆ ಎಂದು ಅರ್ಥವಾಗಲು ನಮಗೆ ಸ್ವಲ್ಪ ಹೊತ್ತೇ ಹಿಡಿಯಿತು. ಎದ್ದು ಹೋಗುವ ಮುಂಚೆ ಬಟನ್ ಒತ್ತಿದ್ದಾರೆ. ಬ್ರೌಸರು ತನ್ನ ಧರ್ಮದ ಪ್ರಕಾರ ಎಲ್ಲವನ್ನೂ ಮುಚ್ಚಿದೆ. ನಾನೂ ನಕ್ಕೆ. ಆದರೆ ಅದರ ಬೆನ್ನಿಗೇ ಬಸವೇಶ್ವರನಗರದಿಂದ ಒಂದು ಬಂತು: ‘ಸ್ನಾನಕ್ಕೆ ಹೋಗಿ ಬರೋಣ ಅಂತ ಒತ್ತಿದೆ, ಮಗನ ಪ್ರಾಜೆಕ್ಟಿಗೆ ತೆಗೆದಿಟ್ಟ ಪುಟಗಳೆಲ್ಲ ಹೋದವು.’ ಮೂಡಲಪಾಳ್ಯದಿಂದ ಇನ್ನೊಂದು: ‘ಬರ್ತೀನಿ ಅಂತ ಹೇಳೇ ಹೋಗಿದ್ದೆ ಅಲ್ವಾ ಸ್ವಾಮಿ?’

ನಗು ನಿಂತಿತು. ‘ಎಕ್ಸಿಟ್’ ಎಂದಿದ್ದರೆ ಇವರಲ್ಲಿ ಯಾರೂ ಒತ್ತುತ್ತಿರಲಿಲ್ಲ. ‘ನಿರ್ಗಮಿಸಿ’ ಎಂದಿದ್ದರೂ ಹೆದರಿ ಬಿಡುತ್ತಿದ್ದರು. ಬರ್ತೀನಿ ಎಂದರೆ ಬರುವುದು ಎಂದೇ ತಿಳಿದವರು ಮಾತ್ರ ಮಾಡಬಹುದಾದ ತಪ್ಪು ಇದು.

ಚನ್ನವೀರೇಶ್ ಸಾರ್ ಬಂದರು. ಹಿಂದೆ ನಿಂತು ಎಲ್ಲ ಓದಿದರು. ಅವರು ಕೆಟ್ಟವರಲ್ಲ, ದೂರು ಬಂದರೆ ಅದನ್ನು ಆ ಹೊತ್ತೇ ಮುಗಿಸಿಬಿಡಬೇಕು ಅವರಿಗೆ, ಅಷ್ಟೇ.

"ಸಂಜೆ ಪ್ಲೋವರ್‌ನ ಮಿತಾಲಿ ಮೇಡಂ ಜೊತೆ ವಿಡಿಯೋ ಕಾಲ್ ಇದೆ. ಅವರು ಕೇಳೋ ಮುಂಚೆ ನಾವೇ ಹೇಳ್ಬಿಡೋಣ. ‘ನಿರ್ಗಮಿಸಿ’ ಅಂತ ಬದಲಾಯಿಸ್ತೀವಿ ಅಂತ. ಸೇಫ್ ಅದು. ನೀಲಾ, ಬೇಜಾರಿಲ್ಲ ತಾನೆ?"

"ಇಲ್ಲ ಸಾರ್," ಅಂದೆ.

ಅವರು ಒಳಗೆ ಹೋಗುತ್ತಲೇ ರಮ್ಯಶ್ರೀ ನನ್ನ ತೋಳು ಚಿವುಟಿದಳು. "ಇಲ್ಲ ಸಾರ್ ಅಂತೆ! ಮುಖ ನೋಡ್ಕೋ ಹೋಗಿ ಕನ್ನಡೀಲಿ. ಬಾಯಿ ಯಾವಾಗ ಬಿಡ್ತೀಯೇ ನೀನು?"

"ಅವರು ಹೇಳೋದೂ ಸರಿನೇ ಅಲ್ವಾ? ಜನಕ್ಕೆ ತೊಂದ್ರೆ ಆಗ್ತಿದೆ."

"ಹಂಗಾದ್ರೆ ಆ ಆಂಟಿಗೆ ಫೋನ್ ಮಾಡಿ ಸಾರಿ ಕೇಳು. ನಿನ್ನ ಬಟನ್ನು, ನೀನೇ ಮಾಡು. ನಾನಂತೂ ಮಾಡಲ್ಲ."

ಅವಳು ತಮಾಷೆಗೆ ಅಂದದ್ದು. ಅಪರಿಚಿತರಿಗೆ ಫೋನ್ ಮಾಡುವುದೆಂದರೆ ನನಗೆ ಬಾವಿಗೆ ಇಳಿದಂತೆ. ಆದರೆ ಹನ್ನೊಂದು ಪುಟಗಳು ಪೂರ್ತಿ ಹಾಳಾಗಿಲ್ಲ, ಅವು ಎಲ್ಲಿ ಅಡಗಿವೆ ಎಂದು ನನಗೆ ಗೊತ್ತಿತ್ತು. ಆ ಜಾಗದ ಸಾಲನ್ನೂ ನಾನೇ ಅನುವಾದಿಸಿದ್ದೆ. ಟೆರೇಸಿನ ನೀರಿನ ಟ್ಯಾಂಕಿನ ಮರೆಗೆ ಹೋಗಿ ನಂಬರ್ ಒತ್ತಿದೆ.

"ನಮಸ್ಕಾರ, ನಾನು... ಬ್ರೌಸರ್... ಅಂದ್ರೆ ಪ್ಲೋವರ್ ಕನ್ನಡದವರು..."

"ಯಾರು? ಪ್ಲಂಬರಾ? ನಮ್ಮನೇಲಿ ನಲ್ಲಿ ಸರಿಯಾಗಿದೆ ಕಣಮ್ಮ."

"ಅಲ್ಲ ಆಂಟಿ. ಹನ್ನೊಂದು ಗಂಡು ಕಳೆದುಹೋದ್ರು ಅಂತ ಬರ್ದಿದ್ರಲ್ಲ..."

"ಓ! ನೀವಾ! ಬನ್ನಿ ಬನ್ನಿ, ನಿಮ್ಮನ್ನೇ ಕಾಯ್ತಿದ್ದೆ." ಅವರ ದನಿ ಏರಿತು. "ಒಬ್ಬೊಬ್ಬರನ್ನ ಹುಡುಕೋಕೆ ಎಷ್ಟು ಕಷ್ಟ ಗೊತ್ತೇನಮ್ಮಾ? ದಾವಣಗೆರೆ ಇಂಜಿನಿಯರ್ ಒಬ್ಬ ಇದ್ದ, ಬಂಗಾರದಂಥ ಹುಡುಗ. ಹೆಸರೂ ನೆನಪಿಲ್ಲ ಈಗ!"

"ಆಂಟಿ, ಸಿಗ್ತಾರೆ. ಲ್ಯಾಪ್‌ಟಾಪ್ ಮುಂದೆ ಕೂತ್ಕೊಳ್ತೀರಾ? ಮೇಲೆ ಮೂರು ಗೆರೆ ಇದೆಯಲ್ಲ, ಅದನ್ನ ಒತ್ತಿ. ‘ನೋಡಿದ ಪುಟಗಳು’ ಅಂತ ಇದೆಯಾ?"

"ಇದೆ."

"ಅದರೊಳಗೆ ‘ಈಗಷ್ಟೇ ಮುಚ್ಚಿದವು’ ಅಂತ. ಅದನ್ನ ಒತ್ತಿ. ಆಮೇಲೆ ‘ಎಲ್ಲವನ್ನೂ ತೆರೆಯಿರಿ’."

ಆ ಕಡೆ ಒಂದೆರಡು ಕ್ಲಿಕ್ ಕೇಳಿಸಿತು. ಆಮೇಲೆ ಒಂದು ಕೂಗು. "ಹೇಮಾ! ಏ ಹೇಮಶ್ರೀ! ಬಾ ಇಲ್ಲಿ, ಬಂದ್ರು ಎಲ್ಲಾ! ಸಾಲಾಗಿ ನಿಂತಿದಾರೆ ನೋಡು!"

ದೂರದಿಂದ ಮಗಳ ದನಿ: "ಅಮ್ಮಾ, ಅವರು ಹೋಗಿದ್ದೇ ಒಳ್ಳೇದಾಗಿತ್ತು. ಯಾಕೆ ವಾಪಸ್ ಕರೆಸ್ತೀಯಾ?"

"ಬಾಯ್ ಮುಚ್ಚೆ. ಇಂಜಿನಿಯರ್ರೂ ಇದಾನೆ." ನನ್ನ ಕಡೆ ತಿರುಗಿದ ಹಾಗೆ ದನಿ ಮೆತ್ತಗಾಯಿತು. "ನಿನ್ನ ಹೆಸರೇನಮ್ಮಾ? ಮದುವೆ ಆಗಿದೆಯಾ?"

ನಾನು ಅವಸರವಾಗಿ ಹೇಳಿದೆ: "ಆಂಟಿ, ಇನ್ಮೇಲೆ ತೊಂದ್ರೆ ಆಗಲ್ಲ. ಆ ಬಟನ್ ಮಾತನ್ನ ಬದಲಾಯಿಸ್ತಾ ಇದೀವಿ."

"ಯಾಕೆ?"

"ಅದು ತಪ್ಪು ಅರ್ಥ ಕೊಡ್ತಿದೆ..."

"ಏನು ತಪ್ಪು? ಚೆನ್ನಾಗೇ ಇದೆಯಲ್ಲ. ಬಾಯಿ ತುಂಬಾ ಹೋಗಿ ಬರ್ತೀನಿ ಅಂತಿದೆ. ಅಲ್ಲಮ್ಮಾ, ಊಟದ ಮಧ್ಯೆ ಯಾರೋ ಕರೆದ್ರು ಅಂತ, ಹೋಗಿ ಬರ್ತೀನಿ ಅಂತ ಹೇಳಿ ಎದ್ದೋರ ಎಲೆ ಯಾರಾದ್ರೂ ಎತ್ತಿಬಿಡ್ತಾರಾ? ನನ್ನ ಸಿಟ್ಟು ಅದಕ್ಕೆ."

ಫೋನ್ ಇಟ್ಟಮೇಲೂ ನಾನು ಟ್ಯಾಂಕಿನ ಪಕ್ಕದಲ್ಲೇ ನಿಂತಿದ್ದೆ. ನಾವು ಬೆಳಿಗ್ಗೆಯಿಂದ ಮಾತು ತಪ್ಪೋ ಸರಿಯೋ ಎಂದು ನೋಡುತ್ತಿದ್ದೆವು. ಎಲೆ ಎತ್ತಿದವರ ಬಗ್ಗೆ ಯಾರೂ ಯೋಚಿಸಿಯೇ ಇರಲಿಲ್ಲ. ಬ್ರೌಸರಿನ ಸೆಟ್ಟಿಂಗ್ಸಿನ ಒಳಗೆ, ಯಾರೂ ಹೋಗದ ಮೂಲೆಯಲ್ಲಿ, ಒಂದು ಸಾಲಿದೆ: ‘ಮತ್ತೆ ತೆರೆದಾಗ ಹಿಂದಿನ ಪುಟಗಳಿಂದಲೇ ಆರಂಭಿಸಿ.’ ಯಾರೂ ಅದನ್ನು ಆನ್ ಮಾಡಿಕೊಂಡಿರುವುದಿಲ್ಲ. ಅದನ್ನು ಆ ಬಟನ್ನಿಗೇ ಕಟ್ಟಿಬಿಟ್ಟರೆ? ಮಾತನ್ನು ತೆಗೆಯುವ ಬದಲು, ಬ್ರೌಸರು ಮಾತಿನಂತೆ ನಡೆದುಕೊಂಡರೆ?

ಓಡಿ ಬಂದು ರಮ್ಯಶ್ರೀಗೆ ಹೇಳಿದೆ. ಅವಳು ಕುರ್ಚಿಯಿಂದ ಎದ್ದೇ ನಿಂತಳು. "ಕಾಲ್‌ನಲ್ಲಿ ಹೇಳು!"

"ನೀನು ಹೇಳೇ."

"ಆಗಲ್ಲ. ನಾನು ಹೇಳಿದ್ರೆ ಜೋಕ್ ಆಗುತ್ತೆ. ನೀನು ಹೇಳಿದ್ರೆ, ಪಾಪ, ಇವಳೂ ಮಾತಾಡಿದಾಳೆ ಅಂದ್ರೆ ಏನೋ ಇರ್ಬೇಕು ಅಂತ ಕೇಳ್ತಾರೆ."

ಸಂಜೆ ಲ್ಯಾಪ್‌ಟಾಪಿನ ಮುಂದೆ ಮೂವರೂ ಕುಳಿತೆವು. ಮಿತಾಲಿ ಮೇಡಂ ಮೂಲತಃ ಕಲ್ಕತ್ತೆಯವರು, ಭಾರತೀಯ ಭಾಷೆಗಳ ಆವೃತ್ತಿಗಳೆಲ್ಲ ಅವರ ಕೈಯಲ್ಲಿ. ಕನ್ನಡ ಬರುವುದಿಲ್ಲ, ಮಾತೆಲ್ಲ ಇಂಗ್ಲಿಷಿನಲ್ಲಿ. ಕನ್ನಡದವರ ಉತ್ಸಾಹ ನೋಡಿ ತಮ್ಮ ತಂಡವೇ ಬೆರಗಾಗಿದೆ ಎಂದರು. ಆಮೇಲೆ ಒಂದು ದೂರಿನ ಬಗ್ಗೆ ಕೇಳಬೇಕು ಎಂದರು.

"ನಾವೇ ಹೇಳೋಣ ಅಂತಿದ್ವಿ ಮೇಡಂ," ಎಂದರು ಚನ್ನವೀರೇಶ್ ಸಾರ್. "ಆ ಪದವನ್ನ ತೆಗೀತಾ ಇದೀವಿ. ಇವತ್ತೇ..."

"ಬೇಡ," ಅಂದೆ.

ನನ್ನ ದನಿಯೇ. ಸಾರ್ ತಿರುಗಿ ನೋಡಿದರು. ಪರದೆಯ ಮೇಲೆ ಮಿತಾಲಿ ಮೇಡಂ ಯಾರು ಮಾತಾಡಿದ್ದು ಎಂದು ಹುಡುಕುತ್ತಿದ್ದರು. ಮೇಜಿನ ಕೆಳಗೆ ರಮ್ಯಶ್ರೀ ನನ್ನ ಕಾಲನ್ನು ಬಲವಾಗಿ ತುಳಿದಳು, ನಿಲ್ಲಿಸಬೇಡ ಎಂದು.

ನನ್ನ ಇಂಗ್ಲಿಷು ಕುಂಟುತ್ತಲೇ ಹೊರಟಿತು. ನಮ್ಮಲ್ಲಿ ಮನೆಯಿಂದ ಹೊರಡುವವರು ಹೋಗ್ತೀನಿ ಅನ್ನುವುದಿಲ್ಲ, ಹಾಗಂದರೆ ಬಾಗಿಲಿನಿಂದಲೇ ವಾಪಸ್ ಕರೆದು ತಿದ್ದುತ್ತಾರೆ ಎಂದೆ. ಬರ್ತೀನಿ ಎನ್ನುವುದು ಹೋಗುವವರು ಕೊಡುವ ಮಾತು, ಇರುವವರು ಅದನ್ನು ನಂಬಿ ಜಾಗ ಇಟ್ಟುಕೊಂಡಿರುತ್ತಾರೆ. ನಮ್ಮ ಬಳಕೆದಾರರು ಮಾತು ಕೊಟ್ಟು ಎದ್ದರು, ನಾವು ಎಲೆ ಎತ್ತಿದೆವು. ಮಾತು ಇರಲಿ. ಪುಟಗಳನ್ನು ಹಾಗೇ ಇಟ್ಟಿರೋಣ. ಅಷ್ಟು ಹೇಳುವುದರಲ್ಲಿ ನನಗೆ ಏದುಸಿರು ಬಂದಿತ್ತು.

ಮಿತಾಲಿ ಮೇಡಂ ನಕ್ಕರು.

"ನಮ್ಮಮ್ಮ ಫೋನ್ ಇಡುವಾಗಲೂ ‘ಆಶಿ’ ಅನ್ನುತ್ತಾಳೆ," ಎಂದರು. "ಅಂದರೆ ಬರ್ತೀನಿ ಅಂತ. ನಾನು ಒಂದು ದಿನವೂ ಅದನ್ನು ಯೋಚಿಸಿರಲಿಲ್ಲ ನೋಡಿ." ಆಮೇಲೆ ಕೆಲಸದ ದನಿಗೆ ಬಂದರು. "ಆದರೆ ಒಂದು ತೊಡಕಿದೆ. ಒಂದೇ ಕಂಪ್ಯೂಟರನ್ನು ಹತ್ತು ಜನ ಬಳಸುವ ಕಡೆ? ಒಬ್ಬರು ತೆರೆದದ್ದು ಇನ್ನೊಬ್ಬರ ಮುಂದೆ ತಾನಾಗೇ ತೆರೆದುಕೊಂಡರೆ?"

ಇದು ನನಗೆ ಹೊಳೆದಿರಲಿಲ್ಲ. ಸಾರ್ ನಿಟ್ಟುಸಿರಿಟ್ಟು ‘ಹಾಗಾದರೆ ನಿರ್ಗಮಿಸಿ’ ಎನ್ನಲು ಬಾಯಿ ತೆರೆಯುವುದು ಕಣ್ಣಂಚಿನಲ್ಲಿ ಕಂಡಿತು. ಈಗ ಸುಮ್ಮನಾದರೆ ಸಾಲು ಹೋದಂತೆಯೇ.

"ಎರಡು ಬಟನ್ ಕೊಡೋಣ ಮೇಡಂ," ಅಂದೆ. "ಊಟ ಮುಗಿಸಿದವರು ತಾವೇ ಎಲೆ ಮಡಚುತ್ತಾರೆ. ಅವರಿಗೆ ‘ಎಲ್ಲಾ ಮುಚ್ಚಿ’. ಮತ್ತೆ ಬರುವವರಿಗೆ ‘ಹೋಗಿ ಬರ್ತೀನಿ’. ಯಾವುದು ಬೇಕು ಅಂತ ಅವರಿಗೇ ಗೊತ್ತಿರುತ್ತೆ."

ಮಿತಾಲಿ ಮೇಡಂ ಮೈಕ್ ಮುಚ್ಚಿ ಪಕ್ಕದಲ್ಲಿದ್ದ ಯಾರೊಂದಿಗೋ ಮಾತಾಡಿದರು. ತುಟಿ ಆಡುವುದು ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಚನ್ನವೀರೇಶ್ ಸಾರ್ ನನ್ನ ಕಡೆ ನೋಡಲೇ ಇಲ್ಲ. ರಮ್ಯಶ್ರೀ ಉಗುರು ಕಚ್ಚುತ್ತಿದ್ದಳು. ನಾನು ಅವಳ ಇನ್ನೊಂದು ಕೈ ಹಿಡಿದುಕೊಂಡಿದ್ದೆ.

ಮೈಕ್ ತೆರೆಯಿತು. "ಎಂಜಿನಿಯರುಗಳು ಆಗುತ್ತೆ ಅನ್ನುತ್ತಿದ್ದಾರೆ. ಮುಂದಿನ ಚಿಕ್ಕ ಅಪ್‌ಡೇಟಿನಲ್ಲೇ, ಮೊದಲು ಕನ್ನಡಕ್ಕೆ. ಜನ ಒಪ್ಪಿದರೆ ನಾನು ಬಂಗಾಳಿಗೂ ಕೇಳುತ್ತೇನೆ. ಪದ ಇರಲಿ." ಒಂದು ಕ್ಷಣ ತಡೆದು, "ಮಾತಾಡಿದವರ ಹೆಸರೇನು?" ಎಂದರು.

"ನೀಲಾಂಬಿಕಾ," ಅಂದೆ, ಹಾಜರಿಗೆ ಕೂಗಿ ಹೇಳುವ ಹಾಗೆ.

"ನೀಲಾಂಬಿಕಾ, ಇನ್ನೊಂದು ಸಾಲು ಬೇಕು. ಬಳಕೆದಾರರು ವಾಪಸ್ ಬಂದಾಗ ಪುಟಗಳ ಮೇಲೆ ಒಂದು ಅಡ್ಡಪಟ್ಟಿಯಲ್ಲಿ ಕಾಣಿಸಲು. ಮರಳಿ ಸ್ವಾಗತ, ನಿಮ್ಮ ಪುಟಗಳು ಸುರಕ್ಷಿತವಾಗಿವೆ ಅನ್ನುವ ಅರ್ಥದ್ದು. ಈಗಲೇ ಕಳಿಸಿದರೆ ಒಳ್ಳೆಯದು."

ಕರೆ ಮುಗಿದದ್ದೇ ತಡ ರಮ್ಯಶ್ರೀ ನನ್ನನ್ನು ಕುರ್ಚಿಸಮೇತ ಒಂದು ಸುತ್ತು ತಿರುಗಿಸಿದಳು. "ಬೇಡ ಅಂದ್ಬಿಟ್ಳು ಸಾರ್! ಮ್ಯಾನೇಜರಿಗೆ ಬೇಡ ಅಂದ್ಬಿಟ್ಳು!"

"ಕೇಳಿಸ್ತಮ್ಮ, ನಾನೂ ಅಲ್ಲೇ ಇದ್ದೆ," ಎಂದರು ಸಾರ್. ಮುಖ ಗಂಟು ಹಾಕಿಕೊಳ್ಳಲು ನೋಡಿದರು, ಆಗಲಿಲ್ಲ. "ಸರಿ, ಆ ಸಾಲು ಬರ್ಕೊಳ್ಳಿ. ‘ಮರಳಿ ಸುಸ್ವಾಗತ. ತಮ್ಮ ಪುಟಗಳನ್ನು ಮರುಸ್ಥಾಪಿಸಲಾಗಿದೆ.’"

"ಅಯ್ಯೋ ಸಾರ್, ಬ್ಯಾಂಕ್ ನೋಟಿಸ್ ಬಂದಂಗಿದೆ. ಓದಿದ್ರೆ ಜನ ಮತ್ತೆ ಓಡಿಹೋಗ್ತಾರೆ."

ನಾನು ಆಗಲೇ ಟೈಪ್ ಮಾಡಿದ್ದೆ: ‘ಬಂದ್ರಾ? ಎಲ್ಲಾ ಇದ್ದ ಹಾಗೇ ಇದೆ, ಕೂತ್ಕೊಳ್ಳಿ.’

ಸಾರ್ ಕನ್ನಡಕ ಏರಿಸಿ ಓದಿದರು. "ಬಂದ್ರಾ ಅಂತ ಕೇಳೋದಾ? ಬಂದಿರೋದು ಕಾಣ್ತಾನೇ ಇದೆಯಲ್ಲ. ಮತ್ತೆ ಇದೇನು, ಬ್ರೌಸರು ಕೂತ್ಕೊಳ್ಳಿ ಅನ್ನುತ್ತಾ? ಬಸ್ಸಲ್ಲಿ ನಿಂತ್ಕೊಂಡು ಫೋನ್ ನೋಡೋರು ಏನ್ ಮಾಡ್ಬೇಕು?"

"‘ಕೂತ್ಕೊಳ್ಳಿ’ ತೆಗೀತೀನಿ ಸಾರ್," ಅಂದೆ. "‘ಬಂದ್ರಾ’ ತೆಗೆಯಲ್ಲ."

ಅವರು ನನ್ನನ್ನು ನೋಡಿದರು, ರಮ್ಯಶ್ರೀಯನ್ನು ನೋಡಿದರು, ಆಮೇಲೆ ಬಾಗಿಲಿನ ಕಡೆ ನಡೆದರು. "ಕಳಿಸಮ್ಮ, ಕಳಿಸು. ನಾನು ಕೆಳಗೆ ಬೇಕರಿಗೆ ಹೋಗ್ತಾ ಇದೀನಿ. ಯಾರಿಗೆ ದಿಲ್‌ಪಸಂದ್, ಯಾರಿಗೆ ಖಾರಾ ಬನ್ನು, ಬೇಗ ಹೇಳಿ."

"ಎರಡೂ!" ಎಂದು ನಾನೇ ಮೊದಲು ಕೂಗಿದೆ, ಕೂಗುತ್ತಲೇ ಸಾಲನ್ನು ಕಳಿಸಿದೆ.